ಮಿಮೂನನ ಕಿವಿಗೆ ಒಪ್ಪುವ ಶೂ

ಅಜ್ರೂ
೧೯ ಮಾರ್ಚ್ ೨೦೧೭

ಪ್ರೀತಿಯ ಇಜ್ಜಾ,

ನಿನಗೆ, ಮಗಳಿಗೆ, ನಮ್ಮ ಪುಟ್ಟ ಮೊಮ್ಮಗಳಿಗೆ ನನ್ನ ಸಲಾಂ. ನಿಮ್ಮೆಲ್ಲರ ಮೇಲೆ ದೇವರ ನೆರಳಿರಲಿ.

ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡುತ್ತೇವಲ್ಲ, ಪತ್ರ ಯಾಕೆ ಎನ್ನುತ್ತೀಯೇನೋ. ಫೋನ್ ಎತ್ತಿದರೆ ನಿನ್ನ ಪಕ್ಕದಲ್ಲಿ ಬೀಗಿತ್ತಿ ಕೆಮ್ಮುವುದು ಕೇಳಿಸುತ್ತದೆ. ಕೆಲವು ಮಾತು ಅವರ ಕೆಮ್ಮಿನ ನಡುವೆ ಹೇಳುವಂಥದ್ದಲ್ಲ.

ಇಲ್ಲಿ ಎಲ್ಲ ಕ್ಷೇಮ. ಬೇಕರಿಯ ಒಲೆಯ ಹೊಗೆಗೂಡನ್ನು ಶುಚಿ ಮಾಡಿಸಿದೆ. ರೊಟ್ಟಿ ಬೇಯಿಸಿಕೊಳ್ಳಲು ಬರುವ ಓಣಿಯ ಹೆಂಗಸರು, ಹೆಂಡತಿ ಊರಲ್ಲಿಲ್ಲದ ಗಂಡಸು ಎಂದು ಕನಿಕರಪಟ್ಟು ದಿನಕ್ಕೊಬ್ಬರು ಒಂದು ಬಟ್ಟಲು ಅವರೆಬೇಳೆ ಗಂಜಿ ಇಟ್ಟು ಹೋಗುತ್ತಾರೆ. ನೀನು ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ಹಿಡಿಸುವುದು ಕಷ್ಟ.

ಇನ್ನು ಶೂ ವಿಷಯ. ನೀನು ಹೊರಟಾಗಲೇ ನನ್ನ ಹಳೆಯ ಜೊತೆ ಬಾಯಿ ಬಿಟ್ಟಿತ್ತು. ಮೇ ತಿಂಗಳಲ್ಲಿ ರಬಾತಿನಲ್ಲಿ ಕುರುಡರ ಓಟ. ಹೋದ ವರ್ಷ ಮಿಮೂನನೂ ನಾನೂ ಅಲ್ಲಿ ಎರಡನೆಯವರಾಗಿ ಬಂದೆವು. ಈ ಸಲ ಗೆದ್ದರೆ ಅವನನ್ನು ದೇಶದ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಸೋತರೆ, ನಲವತ್ತಕ್ಕೆ ಕಾಲಿಡುತ್ತಿರುವ ಕುರುಡನನ್ನು ಮತ್ತೆ ಯಾರು ಕರೆಯುತ್ತಾರೆ? ಓಡುವಾಗ ನಮ್ಮಿಬ್ಬರ ಬೆರಳ ನಡುವೆ ಒಂದು ಗೇಣು ದಾರ. ನಾನು ನಿಧಾನವಾದರೆ ಅವನೂ ನಿಧಾನ. ಆದ್ದರಿಂದ ನನ್ನ ಶೂ ಎಂದರೆ ಅವನಿಗೆ ಹುಡುಗಾಟದ ಮಾತಲ್ಲ.

ಆ ಶೂ ಆರಿಸುವವನೂ ಅವನೇ ಎಂಬುದು ನಿನಗೆ ಗೊತ್ತು. ದಾರ ಅವನಿಗೆ ದಿಕ್ಕು ತೋರಿಸುತ್ತದೆ, ಅಷ್ಟೆ. ಹೆಜ್ಜೆಯನ್ನು ಅವನು ಇಡುವುದು ನನ್ನ ಹೆಜ್ಜೆಯ ಸದ್ದು ಕೇಳಿ. ನಾವು ಕಾಲಿಗೆ ಹಿತವಾದ ಶೂ ಹುಡುಕಿದರೆ ಅವನು ಕಿವಿಗೆ ಹಿತವಾದದ್ದನ್ನು ಹುಡುಕುತ್ತಾನೆ.

ಮಂಗಳವಾರದ ಸಂತೆಯಲ್ಲಿ ಬೆನೈಸಾನ ಹತ್ತಿರ ಹೋದೆವು. ಯುರೋಪಿನವರು ಹಾಕಿ ಬಿಟ್ಟ ಶೂಗಳನ್ನು ಟಾರ್ಪಾಲಿನ ಮೇಲೆ ರಾಶಿ ಹಾಕಿ, ನಡುವೆ ತಾನೂ ಒಂದು ರಾಶಿಯಾಗಿ ಕೂತಿರುತ್ತಾನಲ್ಲ, ಅವನೇ. ದಪ್ಪ ಅಡಿಯ ಒಂದು ಜೊತೆ ಕೊಟ್ಟ. ನಾನು ಆಲಿವ್ ಮಾರುವವನ ಅಂಗಡಿಯವರೆಗೆ ಓಡಿ ಬಂದೆ.

“ಬೇಡ,” ಎಂದ ಮಿಮೂನ್. “ಸದ್ದೇ ಇಲ್ಲ. ಬೆಕ್ಕಿನ ಜೊತೆ ಓಡಿದ ಹಾಗಾಗ್ತದೆ.”

“ಹಾಕ್ಕೊಳ್ಳೋನು ಇವನು, ಬೇಡ ಅನ್ನೋನು ನೀನು,” ಎಂದ ಬೆನೈಸಾ. “ನೀನೇನು ಇವನ ಹೆಂಡ್ತಿಯೇನಪ್ಪಾ?”

“ಹೆಂಡ್ತಿ ಊರಿಗೆ ಹೋಗಿದಾಳೆ. ಸದ್ಯಕ್ಕೆ ನಾನೇ.”

ಮುಂದಿನ ವಾರ ಇನ್ನೊಂದು ಜೊತೆ. ಅದಕ್ಕೆ ಮಿಮೂನ್, “ಎಡದ್ದು ಭಾರ,” ಎಂದ. ಮೂರನೆಯ ವಾರ ಬೆನೈಸಾ ರಾಶಿಯ ತಳದಿಂದ ಒಂದು ನೀಲಿ ಜೊತೆ ಎಳೆದ. ಇಜ್ಜಾ, ಏನು ಹೇಳಲಿ, ಕಾಲಿಟ್ಟರೆ ಬೆಣ್ಣೆಯಲ್ಲಿ ಇಟ್ಟ ಹಾಗಿತ್ತು. ಮಿಮೂನ್ ಮಾತ್ರ ಕತ್ತು ವಾರೆ ಮಾಡಿ ಕೇಳಿ, “ಎಡದ್ದು ತಡ ಬೀಳ್ತಿದೆ ಜಾಯ್ದಣ್ಣ. ಕೂದಲೆಳೆಯಷ್ಟು. ಶೂ ಸರಿಯಿಲ್ಲ,” ಎಂದ.

ಅಲ್ಲಿಗೆ ನನಗೆ ಕುತೂಹಲ ಹತ್ತಿತು. ಲೋಕದ ಎಡಗಾಲಿನ ಶೂಗಳೆಲ್ಲ ಸೇರಿ ನಮ್ಮ ಮೇಲೆ ಸಂಚು ಹೂಡಿವೆಯೇ? ಒಳಗಿನ ಮೆತ್ತೆಗಳನ್ನು ಕಿತ್ತು ಒಂದರ ಮೇಲೊಂದಿಟ್ಟು ನೋಡಿದೆ, ಒಂದೇ ಸಮ. ಹಿಮ್ಮಡಿಯ ಎತ್ತರವನ್ನು ಕಡ್ಡಿಯಿಂದ ಅಳೆದೆ, ಒಂದೇ ಸಮ. ಕೊನೆಗೆ ಆಲಿವ್‌ನವನ ತಕ್ಕಡಿಯಲ್ಲಿ ಆ ಕಡೆಗೊಂದು ಈ ಕಡೆಗೊಂದು ಇಟ್ಟೆ. ಮುಳ್ಳು ನಡುವೆ ನಿಂತಿತು.

“ನನ್ನ ತಕ್ಕಡಿ ಹುಟ್ಟಿದಾಗಿಂದ ಇಷ್ಟು ನೆಟ್ಟಗೆ ನಿಂತಿರ್ಲಿಲ್ಲ,” ಎಂದ ಆಲಿವ್‌ನವನು. ಸಂತೆಯವರು ನಕ್ಕರು.

ಬೆನೈಸಾನಿಗೆ ಮಾತ್ರ ನಗು ಬರಲಿಲ್ಲ. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಎಂದ. “ಮೂರು ವಾರದಿಂದ ನನ್ನ ಮಾಲಿಗೆ ಹೆಸರು ಇಡ್ತಿದೀರಿ. ಕೊಡಿಲ್ಲಿ.” ಅವನ ಪಾದವೂ ನನ್ನ ಅಳತೆಯದೇ. ನೀಲಿ ಶೂ ಹಾಕಿಕೊಂಡು, ನಿಲುವಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದು, ಆ ಭಾರೀ ದೇಹವನ್ನು ಹೊತ್ತು ಆಲಿವ್ ಅಂಗಡಿಯ ಕಡೆಗೆ ಓಡಿದ. ಸಂತೆ ಸೀಟಿ ಹೊಡೆಯಿತು.

ನಾನು ಸುಮ್ಮನೆ ಕಣ್ಣು ಮುಚ್ಚಿದೆ. ಮಿಮೂನ್ ಏನು ಕೇಳುತ್ತಾನೋ ಅದನ್ನು ನಾನೂ ಒಮ್ಮೆ ಕೇಳೋಣ ಎಂಬ ಆಸೆ. ಸೀಟಿ, ನಗು ಎಲ್ಲ ಪಕ್ಕಕ್ಕೆ ಸರಿಸಿ ನೆಲಕ್ಕೆ ಕಿವಿ ಕೊಟ್ಟೆ. ಟಪ್, ಟಪ್, ಟಪ್, ಟಪ್. ಗೋಧಿ ಕುಟ್ಟುವ ಇಬ್ಬರು ಹೆಂಗಸರ ಒನಕೆಯ ಹಾಗೆ, ಎಡ ಬಲ ಗೊತ್ತಾಗದಷ್ಟು ಸಮ.

ಕಣ್ಣು ತೆರೆದರೆ ಮಿಮೂನನ ಮುಖ ಇಳಿದುಹೋಗಿತ್ತು. “ಇಲ್ಲ, ಈಗ್ಲೂ ತಡ ಇದೆ,” ಎಂದ ಅವಸರದಲ್ಲಿ. “ಬೇರೆ ಜೊತೆ ನೋಡೋಣ.”

ಅವನು ನನ್ನ ಮುಂದೆ ಸುಳ್ಳಾಡಿದ್ದು ಅದೇ ಮೊದಲು. ಆಡಲು ಬರುವುದೂ ಇಲ್ಲ ಪಾಪ.

ಚಹಾದಂಗಡಿಗೆ ಕರೆದುಕೊಂಡು ಹೋದೆ. ಪುದೀನ ಚಹಾ ತರಿಸಿದೆ.

“ನನ್ನ ಎಡಗಾಲು ತಡ ಬೀಳೋದು ಯಾವಾಗಿಂದ ಗೊತ್ತು?” ಎಂದೆ.

“ಮೊದಲನೇ ಹಿಮ ಬಿದ್ದಾಗಿಂದ.”

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?”

“ಶೂ ಹಳೇದಾಗಿದೆ, ಹೊಸದು ಬಂದ್ರೆ ಸರಿಹೋಗ್ತದೆ ಅಂದ್ಕೊಂಡೆ.”

“ಸರಿಹೋಗ್ಲಿಲ್ವಲ್ಲ.”

“ಇನ್ನೊಂದು ಜೊತೆ ನೋಡೋಣ ಅಂದ್ಕೊಂಡೆ.”

“ಬೆನೈಸಾನ ರಾಶಿ ಮುಗಿದಿದ್ರೆ?”

“ಮೆಕ್ನೆಸ್‌ನಲ್ಲಿ ದೊಡ್ಡ ಸಂತೆ ಇದೆಯಲ್ಲಣ್ಣ,” ಎಂದ, ಲೋಟ ತಡಕುತ್ತ.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಬೆಳಿಗ್ಗೆ ಮಂಡಿ ಬಿಗಿಯುತ್ತಿದ್ದದ್ದು ಒಲೆಯ ಮುಂದೆ ನಿಂತು ನಿಂತು ಎಂದುಕೊಂಡಿದ್ದೆ. ಎಡಮಂಡಿಯ ಒಳಗಿನ ಮೆತ್ತೆ ಸವೆದಿದೆಯಂತೆ. ನಡೆಯಬಹುದು, ಮೆಲ್ಲಗೆ ಓಡಲೂಬಹುದು, ಪಂದ್ಯ ಬೇಡ ಎಂದರು ಡಾಕ್ಟರಮ್ಮ. ನೀನು ಗಾಬರಿಯಾಗಬೇಡ, ನೋವು ಅಷ್ಟಿಲ್ಲ.

ರಬಾತಿಗೆ ಇನ್ನೊಬ್ಬ ಜೊತೆಗಾರ ಬೇಕಲ್ಲ, ಮಿಮೂನ್ ತಾನಾಗಿ ಹುಡುಕುವವನಲ್ಲ. ಶುಕ್ರವಾರ ನಾನೇ ತೂದಾಳ ಮನೆಗೆ ಹೋದೆ, ಶಾಲೆಯಲ್ಲಿ ಆಟ ಕಲಿಸುವ ಟೀಚರ್, ಗಂಡಸರನ್ನು ಹಿಂದೆ ಹಾಕಿ ಬೆಟ್ಟ ಹತ್ತುವವಳು. ನಿನ್ನೆ ಇಬ್ಬರ ಕೈಗೂ ದಾರ ಕೊಟ್ಟೆ. ತೂದಾ ತನ್ನ ಮೂರು ಜೊತೆ ಶೂ ತಂದಿದ್ದಳು. ಮಿಮೂನ್ ಮೂರನ್ನೂ ಕೇಳಿ ಹಳೆಯದನ್ನೇ ಆರಿಸಿದ. ಪರಗಂಡಸಿನ ಜೊತೆ ದಾರ ಹಿಡಿಯುವುದೇ ಎಂದು ಓಣಿಯಲ್ಲಿ ಯಾರೋ ಮೂಗು ಮುರಿದರೆ, ಮಿಮೂನನ ಹೆಂಡತಿ, “ನನ್ನ ಗಂಡ ಮೊದಲು ಬರ್ಲಿ, ಹೇಸರಗತ್ತೆ ಜೊತೆ ಬೇಕಾದ್ರೂ ಓಡ್ಲಿ,” ಎಂದಳಂತೆ. ತೂದಾಳಿಗೂ ನಗು ತಡೆಯಲಾಗಲಿಲ್ಲ.

ಅವರಿಬ್ಬರೂ ಓಡಿದ್ದನ್ನು ನೋಡಿದೆ. ಚೆನ್ನಾಗಿ ಓಡುತ್ತಾರೆ. ಗೆಲ್ಲುತ್ತಾರೆ ಎನಿಸುತ್ತದೆ. ಅಂದುಕೊಂಡದ್ದಕ್ಕಿಂತ ವೇಗವಾಗಿ ಓಡಬಲ್ಲ ನಮ್ಮ ಮಿಮೂನ್. ಇಷ್ಟು ದಿನ ತನ್ನ ಕಾಲನ್ನು ನನಗಾಗಿ ಎಷ್ಟು ತಡೆದು ಹಿಡಿದಿದ್ದನೋ.

ಬಾಣಂತಿಗೆ ಜೀರಿಗೆ, ತುಪ್ಪ ಕಳಿಸುತ್ತಿದ್ದೇನೆ. ಮಗು ನೂರು ವರ್ಷ ಬಾಳಲಿ, ಅದರ ಕಾಲಿಗೆ ಮುಳ್ಳು ಚುಚ್ಚದಿರಲಿ. ಮಗಳಿಗೆ ಅಪ್ಪನ ಆಶೀರ್ವಾದ. ಬೀಗಿತ್ತಿಯವರ ಕೆಮ್ಮು ಗುಣವಾಗಲಿ.

ನಿನ್ನ
ಜಾಯ್ದ್

ಮರೆತ ಮಾತು: ಆ ನೀಲಿ ಜೊತೆಯನ್ನು ಕೊಂಡೆ. ಬೆನೈಸಾನ ಮುಖ ನೋಡಿ ಬಿಟ್ಟು ಬರಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಹಾಕಿಕೊಂಡು ದೇವದಾರು ಕಾಡಿನ ದಾರಿಯಲ್ಲಿ ಮೆಲ್ಲಗೆ ಓಡಿದೆ. ಇಷ್ಟು ವರ್ಷದಲ್ಲಿ ಒಬ್ಬನೇ ಓಡಿದ್ದು ಇದೇ ಮೊದಲು. ದಾರಿ ಪೂರಾ ನನ್ನದೇ, ಆದರೂ ಎಡಗಡೆಯ ಅಂಚು ಹಿಡಿದೇ ಓಡುತ್ತಿದ್ದೆ, ಬಲಗಡೆ ಒಬ್ಬನಷ್ಟು ಜಾಗ ಬಿಟ್ಟುಕೊಂಡು. ತಿರುವಿನಲ್ಲಿ ನನಗೆ ಗೊತ್ತಿಲ್ಲದೆ, “ಕಲ್ಲಿದೆ, ಕಾಲೆತ್ತು,” ಎಂದುಬಿಟ್ಟೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿ, “ನನಗೆ ಕಾಣ್ತದಪ್ಪಾ,” ಎಂದ. ಅವನಿಗೊಂದು ಸಲಾಂ ಹೇಳಿ ಮುಂದೆ ಓಡಿದೆ. ಆದಷ್ಟು ಬೇಗ ಬಾ.