ಭೂಪಾಲಣ್ಣನ ಫಿಯಾಟಿನ ಸೀಟು

೫ ಜುಲೈ ೨೦೧೦, ಸೋಮವಾರ. ಅಥಣಿ

ಡ್ಯಾಶ್‌ಬೋರ್ಡಿಗೆ ಎರಡನೇ ಕೋಟ್ ಆಯಿತು. ಜಿಟಿಜಿಟಿ ಮಳೆ, ಬಣ್ಣ ಬೇಗ ಒಣಗುತ್ತಿಲ್ಲ. ಹೆಂಡತಿ ಪೂನಮಳ ಹೇರ್ ಡ್ರೈಯರ್ ಹೇಳದೆ ತಂದೆ. ಅವಳ ಫೋನು: "ನನ್ನ ಕೂದಲಕಿಂತ ಆ ಗಾಡಿ ಹೆಚ್ಚಾತೇನ್ರಿ?" ಹೆಚ್ಚೇ... ಅಂತ ಹೇಳಲಿಲ್ಲ.

ಐಗಳಿಯ ಜಿನಮತಿ ಆಯಿಯ ಫಿಯಾಟ್. ಅರವತ್ತೆಂಟರ ಮಾಡೆಲ್. ಗಂಡ ಭೂಪಾಲಣ್ಣ ತೀರಿಕೊಂಡ ಮೇಲೆ ಶೆಡ್ಡಿನಲ್ಲೇ ಇತ್ತು. ಬಾಗಿಲಿನ ಪ್ಯಾನೆಲ್ಲುಗಳು ಅವರು ಓಡಾಡಿಸುತ್ತಿದ್ದಾಗಲೇ ಬಿಸಿಲು ತಿಂದು ಇಟ್ಟಿಗೆ ಬಣ್ಣಕ್ಕೆ ಬಂದಿವೆ. ಗ್ಲಾಸ್ ಏರಿಸುವ ಹಿಡಿಕೆ ಬಿಚ್ಚಿದೆ — ಅದರ ಕೆಳಗೆ ಮೂಲ ಮರೂನ್, ಹೊಸದರಂತೆ. ಅದನ್ನೇ ನೋಡಿ ಬಣ್ಣ ಕಲಸಿದೆ. ಹೊಂದಿತು. ಹಳೆ ಗಾಡಿಯ ಒಳಗಿಗೆ ಮೂಲ ಬಣ್ಣ ಮರಳಿಸುವ ಇಂಥ ಕೆಲಸ ಈ ತಾಲೂಕಿನಲ್ಲಿ ನನ್ನ ಬಿಟ್ಟು ಯಾರು ಮಾಡುತ್ತಾರೆ? ಬರೆಯಲು ನಾಚಿಕೆಯಿಲ್ಲ, ಓದುವವರು ಯಾರೂ ಇಲ್ಲ.

ಸೀಟು ನಾಳೆ.

೬ ಜುಲೈ

ಸೀಟು ಬಿಚ್ಚಿದೆ. ತೊಳೆಯುವಾಗಲೇ ಅನುಮಾನ. ನೀರಿನ ಹನಿ ಜಾರಲಿಲ್ಲ, ಹೀರಿಕೊಂಡಿತು. ಅಂಚು ಮಗುಚಿ ನೋಡಿದೆ. ರೆಗ್ಝಿನ್, ಅಂದರೆ ನಕಲಿ ಚರ್ಮ, ಆಗಿದ್ದರೆ ಹಿಂದೆ ಬಟ್ಟೆ ಇರಬೇಕು. ಬಟ್ಟೆ ಇಲ್ಲ. ಬರೀ ಜುಂಗು, ನಾರಿನಂಥ ಎಳೆ.

ಚರ್ಮ. ಅಪ್ಪಟ ಚರ್ಮ.

ಕೈ ತಾನಾಗಿ ಹಿಂದೆ ಬಂತು. ನಾವು ಜೈನರು, ಚಪ್ಪಲಿ ಕೂಡ ಪ್ಲಾಸ್ಟಿಕ್ಕಿನದೇ ಮೆಟ್ಟುವ ಮನೆಯವರು. ಆಯಿ ನಮಗಿಂತ ಬಿಗಿ. ಚರ್ಮ ಮುಟ್ಟುವುದಿಲ್ಲವೆಂದು ಮದುವೆಗೆ ಮೊದಲೇ ಮುನಿಗಳ ಮುಂದೆ ವ್ರತ ಹಿಡಿದವರು. ಒಮ್ಮೆ ಬಸದಿಯ ಬಾಗಿಲಲ್ಲಿ ನನ್ನ ಬೆಲ್ಟನ್ನೇ ಎಳೆದು ನೋಡಿದ್ದರು. ಅಂಥವರು ಇಷ್ಟು ವರ್ಷ ಇದರ ಮೇಲೆ ಕೂತಿದ್ದಾರೆ!

ಈ ಸಲ ಚಾತುರ್ಮಾಸಕ್ಕೆ ಮುನಿ ಮಹಾರಾಜರು ಐಗಳಿಗೆ ಬರುತ್ತಿದ್ದಾರೆ. ದಿನಕ್ಕೆ ಒಂದೇ ಊಟ ಅವರದು — ನಿಂತುಕೊಂಡು, ಅಂಗೈಯಲ್ಲಿ. ಆಯಿ ಇರುವುದು ತೋಟದ ಮನೆಯಲ್ಲಿ. ಮುನಿಗಳಿಗೆ ಅಡುಗೆ ಊರೊಳಗಿನ ಹಳೆ ಮನೆಯಲ್ಲಿ. ಮೊಣಕಾಲು ನೋವು, ನಡೆಯಲಾಗದು. ಸ್ನಾನ ಮಾಡಿ ಮಡಿಯುಟ್ಟು ಈ ಗಾಡಿಯಲ್ಲೇ ಹೋಗುವುದು. ಅದಕ್ಕೇ ಈ ಬಣ್ಣ. ಕೊಟ್ಟ ಕೈಯ ಮಡಿ ಕೆಟ್ಟಿದೆ ಎಂದು ಗೊತ್ತಾದರೆ ಮುನಿಗಳು ತುತ್ತು ಬಿಟ್ಟು ಅಂದು ಉಪವಾಸ.

೭ ಜುಲೈ

ಕೆಲಸ ಕಲಿಸಿದ ಉಸ್ತಾದ್ ಮುರಗೆಪ್ಪನಿಗೆ ಚಿಕ್ಕೋಡಿಗೆ ಫೋನ್ ಮಾಡಿದೆ. ಆ ಸೀಟಿಗೆ ಹಿಂದೆ ಹೊಲಿಗೆ ಹಾಕಿದವನು ಅವನೇ.

"ಹೌದೋ, ತೊಗಲ ಐತಿ. ಕೊಲ್ಹಾಪುರದಾಂವ ಮಾರಿದ ಗಾಡಿ. ಭೂಪಾಲಣ್ಣಗ ಅವಾಗನ ಹೇಳೀನಿ. 'ಮನ್ಯಾಗ ರೆಗ್ಝಿನ್ ಅಂತ ಹೇಳೀನಿ, ಗಾಡಿ ಮ್ಯಾಲ ಮನಸ ಕುಂತೇತಿ, ಬಾಯಿ ಬಿಡಬ್ಯಾಡ ಮುರಗೆಪ್ಪಾ' ಅಂದ."

ಅಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಂಡತಿಯನ್ನು ಕೂರಿಸಿದರು.

ಆಯಿಗೆ ಫೋನ್ ಹಚ್ಚಿದೆ. "ಆಯಿ, ಸೀಟಿಗೆ ಹೊಸಾ ರೆಗ್ಝಿನ್ ಹಾಕಿ ಕೊಡ್ಲೇನ್ರಿ?"

"ಬ್ಯಾಡೋ ತಮ್ಮಾ. ಅವ್ರು ಕುಂತ ಸೀಟ ಐತಿ, ಬರೇ ಬಣ್ಣಾ ಹಚ್ಚು. ಆ ಗಾಡಿ ಕಂಡ್ರ ಅವ್ರನ್ನ ಕಂಡಂಗ ಆಗತೈತಿ. ನನಗ ಎಂದೂ ಒಂದ ಸುಳ್ಳ ಹೇಳಿದಾವ್ರಲ್ಲ."

"ಹೂಂನ್ರಿ" ಎಂದು ಇಟ್ಟುಬಿಟ್ಟೆ. ಅಲ್ಲೇ ಹೇಳಬೇಕಿತ್ತು. ಹೇಡಿ ನಾನು.

೧೦ ಜುಲೈ

ಹಚ್ಚಿದೆ. ತೆಳುವಾಗಿ, ಕೋಟಿನ ಮೇಲೆ ಕೋಟ್. ಚರ್ಮ ಎಂದು ಇನ್ನು ಯಾರಪ್ಪನಿಗೂ ಗೊತ್ತಾಗುವುದಿಲ್ಲ. ಕೂರುವುದು ಬಣ್ಣದ ಮೇಲೆ ತಾನೇ, ಚರ್ಮದ ಮೇಲಲ್ಲವಲ್ಲ — ಹೀಗೊಂದು ವಕೀಲಿ ತಲೆಯೊಳಗೆ. ಊಟಕ್ಕೆ ಕೂತವನು ಎದ್ದು ಹೋಗಿ ಮತ್ತೆ ಕೈ ತೊಳೆದೆ. ಪೂನಮ ನೋಡಿದಳು.

೧೪ ಜುಲೈ

ಗಾಡಿ ಮುಟ್ಟಿಸಿ ಬಂದೆ. ಆಯಿ ಸೀಟಿನ ಮೇಲೆ ಅಂಗೈ ಆಡಿಸಿದರು. "ಎಷ್ಟ ಮೆತ್ತಗ ಮಾಡಿಯೋ! ನಿನ್ನ ಕೈಗೆ ಪುಣ್ಯಾ ಬರ್ಲಿ."

ಬಸ್ಸಿನ ನೆಪ ಹೇಳಿ ಹೊರಟುಬಂದೆ.

೩೧ ಜುಲೈ

ಬರೆಯಲು ಮನಸ್ಸಾಗಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ — ಐಗಳಿಯ ನಂಬರು ಕಂಡರೆ ಫೋನ್ ಎತ್ತುತ್ತಿರಲಿಲ್ಲ. ಇಂದು ಪೂನಮ ಎತ್ತಿದಳು. ನಾಳೆ ಆಯಿಯ ಅಡುಗೆ ಶುರುವಂತೆ. "ಮಹಾರಾಜ್ರು ನಮ್ಮ ಬಾಗ್ಲಿಗೆ ಬಂದ್ರ ನಮ್ಮ ಪುಣ್ಯಾ. ವೃಷಭಗ ಬಾ ಅಂತ ಹೇಳವಾ" ಅಂದರಂತೆ.

೧ ಆಗಸ್ಟ್, ಮಧ್ಯಾಹ್ನ

ಹೇಳಿದೆ. ಬೆಳಿಗ್ಗೆಯೇ ಬೈಕ್ ಹತ್ತಿದೆ. ಅಷ್ಟರಲ್ಲಿ ಫಿಯಾಟ್ ಹಳೆ ಮನೆ ಮುಂದೆ ಬಂದು ನಿಂತಿತ್ತು. ಆಯಿ ಮಡಿ ಸೀರೆಯಲ್ಲಿ ಇಳಿಯುತ್ತಿದ್ದರು.

"ಆಯಿ, ಅಡಗಿ ಮುಟ್ಟಬ್ಯಾಡ್ರಿ. ಆ ಸೀಟ ತೊಗಲಿಂದ ಐತ್ರಿ. ನಾ ಗೊತ್ತಿದ್ದೂ ಬಣ್ಣಾ ಹಚ್ಚಿ ಕೊಟ್ನಿ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸೀಟು ನೋಡಿದರು. ಅಂಗೈ ನೋಡಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ —

"ಅವ್ರಿಗೆ ಗೊತ್ತಿತ್ತೇನೋ ವೃಷಭಾ?"

ಇದಕ್ಕೆ ತಯಾರಾಗಿ ಹೋಗಿರಲಿಲ್ಲ.

"ಇಲ್ರಿ ಆಯಿ. ಮಾರಿದಾಂವ ರೆಗ್ಝಿನ್ ಅಂತ ಹೇಳಿ ಮೋಸಾ ಮಾಡ್ಯಾನ್ರಿ."

ಉಸಿರು ಬಿಟ್ಟರು. ಮುಖ ತಿಳಿಯಾಯಿತು. "ಹಂಗಾರ ಆತು ಬಿಡು. ಮೋಸಾ ಹ್ವಾದಾವ್ರಿಗೆ ಎಲ್ಲೀ ಪಾಪ?"

ಬಾವಿಯ ತಣ್ಣೀರಲ್ಲಿ ಮತ್ತೆ ಸ್ನಾನ ಮಾಡಿದರು, ಬೇರೆ ಸೀರೆ ಉಟ್ಟರು. ನನ್ನನ್ನೂ ಸ್ನಾನಕ್ಕೆ ಕಳಿಸಿದರು. "ಖರೇ ಹೇಳಾಕ ಇಷ್ಟ ದೂರ ಬಂದಿ. ಇವತ್ತ ನನ್ನ ಕೂಡ ನೀನೂ ಆಹಾರ ಕೊಡು." ಉಡಲು ಭೂಪಾಲಣ್ಣನ ಒಗೆದಿಟ್ಟ ಧೋತರ ಕೊಟ್ಟರು. ಬೇಡ ಎನ್ನಲಾಗಲಿಲ್ಲ. ಉಟ್ಟೆ.

ಮಹಾರಾಜರು ಎಲ್ಲ ಮನೆ ದಾಟಿ ನಮ್ಮ ಬಾಗಿಲಿಗೇ ಬಂದರು. ಆಯಿಯ ಕಣ್ಣಲ್ಲಿ ನೀರು. ಕೊಡುವವರು ಮೊದಲು ಅವರೆದುರು ಬಾಯಿಬಿಟ್ಟು ಹೇಳಬೇಕು — ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಅನ್ನ ನೀರು ಶುದ್ಧ ಎಂದು. ಆಯಿ ಗಟ್ಟಿಯಾಗಿ ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು. ಮಹಾರಾಜರೂ ನೋಡಿದರು. ಸುಮ್ಮನಿದ್ದರೆ ಅವರು ಉಣ್ಣದೆ ಹೊರಟುಹೋಗುತ್ತಿದ್ದರು.

ಹೇಳಿದೆ. ಒಂದೂ ಬಿಡದೆ ಹೇಳಿದೆ. ಮನಶುದ್ಧಿ. ವಚನ... ಇಲ್ಲಿಂದ ಮುಂದೆ ಪೆನ್ನು ಹೋಗುತ್ತಿಲ್ಲ.