ರಾತ್ರಿ ಊಟದ ನಂತರ

ಹಾನಗಲ್
10 ಸೆಪ್ಟೆಂಬರ್ 2025, ಬುಧವಾರ

ಪೂಜಾಳ ಅಪ್ಪನವರಿಗೆ ಶಿವಬಸವ್ವಳ ಶರಣು.

ಕಳೆದ ಬುಧವಾರ ತೆಗೆದ ನಿಮ್ಮ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ 192 ಬಂದಿದೆ. ಎರಡು ವರ್ಷ ಮಾತ್ರೆ ನುಂಗಿದವರಿಗೆ ಅದು ನೂರರ ಕೆಳಗೆ ಇರಬೇಕಿತ್ತು. ಇದನ್ನು ನನಗೆ ತಿಳಿಸಿದವಳು ಪೂಜಾ. ಶಿಗ್ಗಾಂವಿಯ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ರಕ್ತ ಪರೀಕ್ಷಿಸುವ ನಮ್ಮ ಮಗಳು, ಅಪ್ಪನ ರಕ್ತವನ್ನು ಮಾತ್ರ ಎರಡು ಸಲ ಯಂತ್ರಕ್ಕೆ ಹಾಕಿ ನೋಡಿದಳಂತೆ. ಎರಡನೇ ಸಲವೂ ಅಷ್ಟೇ ಬಂತು.

ನಾನು ಮಾಸೂರು ಬಿಟ್ಟು ಒಂಬತ್ತು ವರ್ಷವಾಯಿತು. ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಅಲ್ಲದೆ ನೀವು ಬಾಯಿಮಾತನ್ನು ನಂಬಿದವರಲ್ಲ. ಮೂವತ್ತು ವರ್ಷ ಸೊಸೈಟಿಯ ಸೆಕ್ರೆಟರಿಯಾಗಿ, ಬರೆದದ್ದನ್ನು ಬರೆದ ಹಾಗೆಯೇ ನಡೆಸಿದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದನ್ನು ಪೂಜಾ ಹೇಳಿದ ಕ್ರಮದಲ್ಲೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಶ್ರಾವಣ ಮುಗಿದ ವಾರ ಮದಗದ ಕೆರೆಯ ಏರಿ ಹತ್ತುವಾಗ ನಿಮ್ಮ ಎದೆ ಬಿಗಿಯಿತು. ಖಾನಾವಳಿಯ ಮೈಲಾರಲಿಂಗಪ್ಪ ಕೈಹಿಡಿದು ಕೂರಿಸಿದರು. ಹಿರೇಕೆರೂರಿನ ಡಾಕ್ಟರು ಇಸಿಜಿ ನೋಡಿ, ಹುಬ್ಬಳ್ಳಿಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸಿ ಎಂದರು. ನೀವು ಒಲ್ಲೆ ಎಂದಿರಿ. ಮಗಳಿಗೆ ನೀವು ಕೊಟ್ಟ ಉತ್ತರವನ್ನು ಅವಳು ನಿಮ್ಮ ದನಿಯಲ್ಲೇ ಒಪ್ಪಿಸಿದಳು: "ಅರವತ್ತೇಳಾತವಾ. ಗಾಡಿ ಸವದೈತಿ. ಸವದ ಗಾಡಿನ ಗ್ಯಾರೇಜಿಗೆ ಯಾಕ ಒಯ್ತೀರಿ?"

ಡಾಕ್ಟರ ಬಳಿ ಅವಳು ಅದನ್ನೇ ಕೇಳಿದಳು, ಇದು ಬರೀ ವಯಸ್ಸೇನು ಎಂದು. ವಯಸ್ಸೂ ಹೌದು ಎಂದರಂತೆ. ವಯಸ್ಸಾದಂತೆ ರಕ್ತದೊಳಗಿನ ಕೊಬ್ಬನ್ನು ಹೊರಹಾಕುವ ಯಕೃತ್ತಿನ ಶಕ್ತಿ ಕುಗ್ಗುತ್ತದೆ, ರಕ್ತನಾಳ ಗಡುಸಾಗುತ್ತದೆ. ಮೈಯಲ್ಲಿ ಬೊಜ್ಜಿಲ್ಲದ ನಿಮ್ಮಂಥವರಿಗೂ ಇದು ತಪ್ಪಿದ್ದಲ್ಲ. ಆದರೆ ವಯಸ್ಸು ಹೆಚ್ಚಿದಷ್ಟೂ ಮಾತ್ರೆ ಬಿಡಬಾರದೆಂದೇ ಹೊರತು, ಬಿಡಬಹುದೆಂದಲ್ಲ. ನಾಳದಲ್ಲಿ ಕೊಬ್ಬು ಕೂರುವುದು ಒಂದು ದಿನದ ಕೆಲಸವಲ್ಲ, ಎಷ್ಟು ವರ್ಷದಿಂದ ಏರಿದೆ ಎನ್ನುವುದೇ ಮುಖ್ಯ ಎಂದು ಹೇಳಿ, ಮಾತ್ರೆ ಶುರುವಾಗುವ ಮೊದಲಿನ ಹಳೆಯ ವರದಿ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದಳು ಪೂಜಾ. ಮಾಸೂರಿನ ಶಾಲೆಯಲ್ಲಿ 2016ರಲ್ಲಿ ನಡೆದ ರಕ್ತ ತಪಾಸಣೆ ಶಿಬಿರದ ಮಾತು ತೆಗೆದಾಗ ನೀವು ನಕ್ಕಿರಂತೆ: "ಊರಿಗೆಲ್ಲಾ ರಿಪೋರ್ಟ್ ಬಂತು, ನಂದೊಂದ ಬರಲಿಲ್ಲ. ಏನೂ ಇರಲಿಲ್ಲ, ಅದಕ್ಕ ಕೊಟ್ಟಿಲ್ಲ."

ಮಾತ್ರೆಯ ಸಂಗತಿ ಹೊರಬಿದ್ದದ್ದು ಭಾನುವಾರ. ಈ ಎರಡು ವರ್ಷದಲ್ಲಿ ಡಾಕ್ಟರು ಹತ್ತು ಮಿಲಿಗ್ರಾಮಿನ ಮಾತ್ರೆಯನ್ನು ಇಪ್ಪತ್ತು ಮಾಡಿದರು, ಇಪ್ಪತ್ತನ್ನು ನಲವತ್ತು ಮಾಡಿದರು, ಅಂಕಿ ಇಳಿಯಲಿಲ್ಲ. ಪೂಜಾ ನಿಮ್ಮ ಕಪಾಟಿನ ಬಿಸ್ಕೀಟ್ ಡಬ್ಬಿ ತೆರೆದಳು. ಎರಡು ವರ್ಷದ ಮಾತ್ರೆಯ ಹಾಳೆಗಳು ದಾರ ಕಟ್ಟಿ, ತಿಂಗಳ ಪ್ರಕಾರ ಜೋಡಿಸಿಟ್ಟಿದ್ದವು. ಅಲ್ಲೊಂದು ಇಲ್ಲೊಂದು ಗುಳಿಗೆ ಬಿಟ್ಟರೆ ಎಲ್ಲ ಹಾಗೇ ಇದ್ದವು.

ಅವಳು ಕೂಗಾಡಿದಳಂತೆ. ನೀವು ಶಾಂತವಾಗಿ ಚೀಟಿ ತಂದು ತೋರಿಸಿದಿರಿ. "ಏನ್ ಬರದಾರ ಓದು. ರಾತ್ರಿ ಊಟದ ನಂತರ. ನಾ ರಾತ್ರಿ ಊಟಾನ ಮಾಡಂಗಿಲ್ಲ. ಚುರುಮುರಿ ತಿಂದು ಚಾ ಕುಡದ್ರ ಅದು ಊಟ ಏನು? ಮದುವಿ ಮನ್ಯಾಗ ಉಂಡ ದಿನಾ ತಪ್ಪದ ತಗೊಂಡೇನಿ."

"ಅಪ್ಪಾ, ನೀ ರಿಟೈರ್ ಆದರೂ ಬೈಲಾ ರಿಟೈರ್ ಆಗಿಲ್ಲ ನೋಡು," ಎಂದು ಅವಳು ಅಲ್ಲೇ ಕುಳಿತು ಅತ್ತಳಂತೆ.

ಇದನ್ನು ಕೇಳಿ ನನಗೆ ನಗು ಬಂತು, ನಿಲ್ಲಲಿಲ್ಲ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಸೋಮವಾರದ ಒಪ್ಪತ್ತು ಗೊತ್ತಿತ್ತು. ಶ್ರಾವಣವಿಡೀ ಒಂದೇ ಊಟ ಎನ್ನುವುದೂ ಗೊತ್ತಿತ್ತು. ಉಳಿದ ದಿನಗಳ ರಾತ್ರಿಯದು ಗೊತ್ತಿರಲಿಲ್ಲ. ಮಧ್ಯಾಹ್ನ ಮೈಲಾರಲಿಂಗಪ್ಪನ ಖಾನಾವಳಿ, ರಾತ್ರಿ ಚುರುಮುರಿ. ಇದು ಯಾವಾಗ ಶುರುವಾಯಿತು ಎಂದು ಪೂಜಾ ಕೇಳಲಿಲ್ಲ. ನಾನು ಕೇಳುವುದೂ ಬೇಡ.

ನನಗೆ ಮುಖ್ಯ ಶಿಕ್ಷಕಿಯ ಬಡ್ತಿ ಬಂದು ಹಾನಗಲ್ಲಿಗೆ ವರ್ಗವಾದಾಗ ನೀವು ಪಡಸಾಲೆಯಲ್ಲಿ ನಿಂತು ಆಡಿದ ಮಾತು ನಿಮಗೆ ಮರೆತಿರಬಹುದು. "ಹೋಗಾಕಿ ಹೋಗು. ನೀ ಇಲ್ದಿದ್ರ ನಾ ಏನ್ ಉಪವಾಸ ಸಾಯಂಗಿಲ್ಲ." ಆ ಮಾತು ಹಿಡಿದುಕೊಂಡೇ ನಾನು ಇಷ್ಟು ವರ್ಷ ಇಲ್ಲಿ ಉಳಿದೆ. ಬಡ್ತಿಯನ್ನು ಬಿಡಬೇಕಿತ್ತು ಎಂದು ಇಂದಿಗೂ ಅನಿಸುವುದಿಲ್ಲ. ಆದರೆ ತಿಂಗಳಿಗೊಮ್ಮೆ ಬಂದು ಹೋಗಬಹುದಿತ್ತು. ಎರಡೂವರೆ ತಾಸಿನ ದಾರಿ.

ಇದರ ಜೊತೆ ಡಾಕ್ಟರ ಹೊಸ ಚೀಟಿ ಇದೆ. ಪೂಜಾ ಹೇಳಿ ಬರೆಸಿದ್ದಾಳೆ: ದಿನಕ್ಕೊಂದು, ಊಟ ಮಾಡಿದರೂ ಮಾಡದಿದ್ದರೂ. ಕೆಳಗೆ ಸಹಿಯೂ ಇದೆ, ಸಿಕ್ಕೆಯೂ ಇದೆ. ಇದನ್ನೂ ಬರೆದ ಹಾಗೆಯೇ ನಡೆಸಿ. ಆದರೆ ಮಾತ್ರೆಯೊಂದೇ ಈಗ ಸಾಲದು. ನಾಳ ಎಷ್ಟು ಕಟ್ಟಿದೆ ಎಂದು ನೋಡದೆ ಮುಂದಿನದು ತಿಳಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ನಿಮ್ಮ ಹೆಸರು ಹಚ್ಚಿಯಾಗಿದೆ. ನೀವು ಬರುತ್ತೀರೆಂದು ನಾನೇ ಒಪ್ಪಿಕೊಂಡಿದ್ದೇನೆ. ಸಿಟ್ಟು ಬಂದರೆ ಅದನ್ನು ಬಸ್ಸಿನಲ್ಲಿ ತೀರಿಸಿಕೊಳ್ಳಿ.

ಬರುವ ಬುಧವಾರ, 17ರ ಸಂಜೆಯೊಳಗೆ ಮಾಸೂರಿಗೆ ಬರುತ್ತೇನೆ. ಒಲೆ ಹಚ್ಚುವಂತಿದೆಯೋ ಇಲ್ಲವೋ ನೋಡಿಡಿ. ರೊಟ್ಟಿ, ಹೆಸರುಕಾಳಿನ ಪಲ್ಯ ಮಾಡುತ್ತೇನೆ. ಅದು ಊಟ.

ಇಂತಿ,
ಶಿವಬಸವ್ವ

ತಾ.ಕ.: ಶಿಬಿರದ ನಿಮ್ಮ ವರದಿ ಬಂದಿತ್ತು. ಹಂಚಲೆಂದು ಎಲ್ಲವನ್ನೂ ಶಾಲೆಗೇ ತಂದು ನನ್ನ ಕೈಗೆ ಕೊಟ್ಟಿದ್ದರು. ಊರವರದನ್ನು ಅಂದೇ ಹಂಚಿದೆ. ನಿಮ್ಮದನ್ನು ಸಂಜೆ ಮನೆಯಲ್ಲಿ ಕೊಡೋಣವೆಂದು ಚೀಲದಲ್ಲಿಟ್ಟುಕೊಂಡು ಬಂದೆ. ಪಡಸಾಲೆಯಲ್ಲಿ ನೀವು ಆ ಮಾತು ಆಡಿದ್ದು ಅದೇ ಸಂಜೆ. ಕೆಟ್ಟ ಕೊಲೆಸ್ಟ್ರಾಲ್ 168, ಕೂಡಲೇ ಡಾಕ್ಟರನ್ನು ಕಾಣಿ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಓದಿಯೇ ಇಟ್ಟುಕೊಂಡೆ. ಪೂಜಾಳಿಗೆ ಇನ್ನೂ ಹೇಳಿಲ್ಲ. ಬರುವಾಗ ತರುತ್ತೇನೆ. ಗುರುವಾರ, 18ರಂದು ಬೆಳಿಗ್ಗೆ ಹತ್ತಕ್ಕೆ ಆಂಜಿಯೋಗ್ರಾಮ್. ಅಂದು ಬೆಳಿಗ್ಗೆ ಏನೂ ತಿನ್ನುವಂತಿಲ್ಲ.