ಮೊಲ ಅಳಿಸಿಹೋದ ನಾಣ್ಯ

ತಮ್ಮಾ,

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿನ್ನ ಅತ್ತಿಗೆ. "ಬಾಯಲ್ಲಿ ಹೇಳೋಕಾಗಲ್ಲ ಅಂದ್ರೆ ಬರೆದಾದ್ರೂ ಮನಸ್ಸು ಹಗುರ ಮಾಡ್ಕೊಳ್ಳಿ, ನನ್ ಮೇಲೆ ರೇಗಬೇಡಿ" ಅಂತ. ಸತ್ತವನಿಗೆ ಕಾಗದ ಬರೆಯುವ ಕೆಲಸ ಯಾರಿಗೆ ಬೇಕಿತ್ತು?

ನಮ್ಮ ಮನೆಯಲ್ಲಿರುವ ನಿನ್ನ ರೋಮನ್ ನಾಣ್ಯಗಳ ಪೆಟ್ಟಿಗೆಯನ್ನು ಒಯ್ಯಲು ಭಾನುವಾರ ನಿನ್ನ ಮಗಳು ಬರುತ್ತಾಳೆ. ಕೊಡುವಾಗ ಲಕಲಕ ಹೊಳೆಯಲಿ ಎಂದು, ಸ್ಪೇನ್ ದೇಶವನ್ನು ಹೆಂಗಸಿನ ರೂಪದಲ್ಲಿ ಮೂಡಿಸಿದ ಆ ಬೆಳ್ಳಿ ನಾಣ್ಯವನ್ನು ವರ್ಕ್‌ಶಾಪಿಗೆ ಒಯ್ದು, ನಲ್ಲಿಗಳಿಗೆ ಪಾಲಿಶ್ ಹಾಕುವ ಚಕ್ರಕ್ಕೆ ಹಿಡಿದೆ. ನಲವತ್ತು ವರ್ಷ ಅದೇ ಕೆಲಸ ಮಾಡಿದ ಕೈ. ಕಪ್ಪೇನೋ ಹೋಯಿತು. ಅದರ ಜೊತೆ ಒರಗಿ ಕೂತ ಹೆಂಗಸಿನ ಮೂಗು, ಬಾಯಿ, ಕೈಯಲ್ಲಿದ್ದ ಕೊಂಬೆ, ಕಾಲ ಬಳಿಯ ಮೊಲ ಎಲ್ಲವೂ ಹೋದವು. ಈಗ ಅದು ಅಂಗಿ ಗುಂಡಿಯ ಹಾಗಿದೆ.

ನೀನು ಅದನ್ನು ಮೊದಲ ಸಲ ತೋರಿಸಿದಾಗ "ದೇಶಕ್ಕೆ ಮುಖ ಇರುತ್ತೇನೋ ಪೆದ್ದ? ಹೋಗಿ ಕೆಲಸ ನೋಡು" ಅಂದಿದ್ದೆ. ನೀನು ನಕ್ಕು ಪೆಟ್ಟಿಗೆ ಮುಚ್ಚಿದೆ. ಆಮೇಲೆ ನನಗೆ ತೋರಿಸಲೇ ಇಲ್ಲ.

ಮೊದಲಿನಿಂದಲೂ ಹಾಗೇ ಸವೆದಿತ್ತು ಎಂದು ಹೇಳಿಬಿಡೋಣ ಅಂದುಕೊಂಡೆ. ಆದರೆ ನಿನ್ನ ಮಗಳು ಚಿಕ್ಕಂದಿನಲ್ಲಿ ನಿನ್ನ ತೊಡೆಯೇರಿ ಮೊದಲು ಹುಡುಕುತ್ತಿದ್ದದ್ದೇ ಆ ಮೊಲವನ್ನು. ಬಾಗಿಲ ಮರೆಯಲ್ಲಿ ನಿಂತು ನಾನೂ ನೋಡಿದ್ದೇನೆ. "ದೊಡ್ಡಪ್ಪಾ, ಮೊಲ ಎಲ್ಲಿ?" ಅಂದರೆ ಏನು ಹೇಳಲಿ? ಶನಿವಾರ, ಹನ್ನೆರಡನೇ ತಾರೀಖು ಸಂಜೆಯೊಳಗೆ ನಿನ್ನ ಉತ್ತರ ಬರಬೇಕು.

ಅಣ್ಣ